‘ಗಾಳಿ’ ಪದದ ನಿಘಂಟು ನಮೂದು: ನೇರ ಅರ್ಥ, ನುಡಿಗಟ್ಟು, ಜೊತೆಗೆ ಬರುವ ಕ್ರಿಯಾಪದ

ಪದಕೋಶ

ಶಾಲಾ ಮಕ್ಕಳಿಗೂ ಅನುವಾದಕರಿಗೂ ಒದಗುವಂಥ ಒಂದು ಕಿರುನಿಘಂಟಿಗೆ ‘ಗಾಳಿ’ಯ ನಮೂದು ಬೇಕಾಗಿದೆ. ಈಗಿನ ಕರಡು ಇಷ್ಟೇ: “ಗಾಳಿ (ನಾ). 1. ವಾಯು 2. ಬೀಸುವ ಹವೆ 3. ವದಂತಿ 4. ದೆವ್ವ.”

ಇದು ಸಾಲುವುದಿಲ್ಲ. ‘ನಿಯಮಗಳನ್ನು ಗಾಳಿಗೆ ತೂರಿದರು’, ‘ಜಗಳಕ್ಕೆ ಗಾಳಿ ಹಾಕಿದ’, ‘ಅವನಿಗೂ ಪಟ್ಟಣದ ಗಾಳಿ ತಗುಲಿತು’, ‘ಗಾಳಿಯಾಡದ ಡಬ್ಬಿ’ ಇವುಗಳಲ್ಲಿ ಒಂದಕ್ಕೂ ಈ ನಾಲ್ಕು ಅರ್ಥಗಳಿಂದ ದಾರಿ ಸಿಗುವುದಿಲ್ಲ. ಮೂರನೆಯದಂತೂ ಇಲ್ಲಿ ಇರಬೇಕೇ ಎಂಬುದೇ ಅನುಮಾನ. ‘ಗಾಳಿ’ ಎಂದಷ್ಟೇ ಹೇಳಿದರೆ ಯಾರಿಗೂ ವದಂತಿ ಎಂದು ಅರ್ಥವಾಗುವುದಿಲ್ಲ, ‘ಗಾಳಿಸುದ್ದಿ’ ಎಂದಾಗ ಮಾತ್ರ ಆಗುತ್ತದೆ.

ಅರ್ಥಗಳನ್ನು ಯಾವ ಕ್ರಮದಲ್ಲಿ ಕೂರಿಸಬೇಕು? ನುಡಿಗಟ್ಟುಗಳನ್ನು ಬೇರೆ ಇಡಬೇಕೋ, ಆಯಾ ಅರ್ಥದ ಕೆಳಗೇ ಕೊಡಬೇಕೋ? ಹವಾಮಾನ ವರದಿ ಅನುವಾದಿಸುವವರಿಗೆ ಬಿರುಗಾಳಿ, ಸುಂಟರಗಾಳಿ, ಚಂಡಮಾರುತಗಳ ಗಡಿ ಎಲ್ಲಿ ಎಂದು ತಿಳಿಸಬೇಕೇ? ತಿಳಿದವರು ಹೇಳಿ.

ಎಲರು

ಮೊದಲು ಪದದ ಮೂಲ. ‘ಗಾಳಿ’ ಅಚ್ಚ ದ್ರಾವಿಡ ಪದ. ತೆಲುಗಿನಲ್ಲಿ ‘ಗಾಲಿ’, ತುಳುವಿನಲ್ಲಿ ‘ಗಾಳಿ’, ತಮಿಳಿನ ‘ಕಾಱ್ಱು’ ಇದೇ ಬಳಗದ್ದು. ಹಳಗನ್ನಡದಲ್ಲಿ ಇದರ ಜೊತೆಗೆ ‘ಎಲರ್’ ಎಂಬ ಇನ್ನೊಂದು ಪದವೂ ಇತ್ತು. ‘ತಂಬೆಲರ್’ ಎಂದರೆ ತಂಗಾಳಿ, ‘ತೆಂಬೆಲರ್’ ಎಂದರೆ ತೆಂಕಣ ದಿಕ್ಕಿನಿಂದ ಬರುವ ಗಾಳಿ, ‘ಎಲರುಣಿ’ ಎಂದರೆ ಗಾಳಿಯನ್ನು ಉಣ್ಣುವುದು, ಅಂದರೆ ಹಾವು. ಎಲರು ಈಗ ಕಾವ್ಯದಲ್ಲಷ್ಟೇ ಉಳಿದಿದೆ. ದಿನಬಳಕೆಯ ಹೊರೆಯೆಲ್ಲ ಗಾಳಿಯ ಮೇಲೆ ಬಿದ್ದಿದೆ.

ಗಮನಿಸಬೇಕಾದ ಸಂಗತಿ: ಕನ್ನಡದಲ್ಲಿ ನಿಂತ ಗಾಳಿಗೂ ಚಲಿಸುವ ಗಾಳಿಗೂ ಒಂದೇ ಪದ. ಚಕ್ರದೊಳಗೆ ಇರುವುದೂ ಗಾಳಿ, ಮರ ಬೀಳಿಸುವುದೂ ಗಾಳಿ. ಇವೆರಡನ್ನು ಬೇರೆ ಮಾಡುವುದು ನಾಮಪದ ಅಲ್ಲ, ಜೊತೆಗೆ ಬರುವ ಕ್ರಿಯಾಪದ. ಗಾಳಿ ‘ಬೀಸಿತು’, ‘ಎದ್ದಿತು’, ‘ತೀಡಿತು’, ‘ಸುಳಿಯಿತು’ ಎಂದರೆ ಚಲಿಸುವ ಗಾಳಿ. ಗಾಳಿ ‘ತುಂಬಿತು’, ‘ಇಳಿಯಿತು’, ‘ಹೋಯಿತು’ ಎಂದರೆ ಯಾವುದರಲ್ಲೋ ತುಂಬಿ ಹಿಡಿದಿಟ್ಟ ಗಾಳಿ. ಗಾಳಿ ‘ಆಡುತ್ತದೆ’ ಎಂದರೆ ಇವೆರಡರ ನಡುವಿನದು, ಕೋಣೆಯಲ್ಲಿ ಹೋಗಿ ಬರುವ ಗಾಳಿ.

ನುಡಿಗಟ್ಟುಗಳಿಗೂ ಇದೇ ಕೀಲಿ. ಹಾಕು, ತೂರು, ಹಿಡಿ, ಸೋಕು, ಗುದ್ದು: ಯಾವ ಕ್ರಿಯಾಪದವೋ ಅದಕ್ಕೆ ತಕ್ಕ ಅರ್ಥ. ಆದ್ದರಿಂದ ‘1, 2, 3, 4’ ಎಂದು ನಾಮಪದದ ಅರ್ಥಗಳನ್ನು ಪಟ್ಟಿ ಮಾಡುವ ಬದಲು ಕ್ರಿಯಾಪದದ ಪ್ರಕಾರ ನಮೂದು ಕಟ್ಟಿ. ಓದುಗ ವಾಕ್ಯದಲ್ಲಿ ಕಾಣುವುದು ಅದನ್ನೇ.

ಮಾಪಕ

ಹವಾಮಾನದ ಭಾಗ ನಾನು ಬರೆಯುತ್ತೇನೆ.

ನಿಂತ ಗಾಳಿಯಿಂದ ಶುರು ಮಾಡೋಣ. ಸಮುದ್ರಮಟ್ಟದಲ್ಲಿ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್, ಅಂದರೆ ಸುಮಾರು 43 ಕೆಜಿ ಗಾಳಿ ಇರುತ್ತದೆ. ‘ಬರೀ ಗಾಳಿ’ ಎಂದರೆ ಏನೂ ಇಲ್ಲ ಎಂಬ ಮಾತಿನ ಅರ್ಥವನ್ನು ವಿಜ್ಞಾನ ಒಪ್ಪುವುದಿಲ್ಲ. ಆದರೆ ಪತ್ರಿಕೆಯ ‘ವಾಯುಭಾರ ಕುಸಿತ’ ಎಂಬ ಪದ ಒಪ್ಪುತ್ತದೆ. ಅದರಲ್ಲಿ ಗಾಳಿಗೆ ಭಾರ ಇದೆ.

ಚಲಿಸುವ ಗಾಳಿಗೆ ಅಳತೆ ಬೇಕು. ಹವಾಮಾನ ಕೇಂದ್ರಗಳು ಗಾಳಿಯ ವೇಗವನ್ನು ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯುತ್ತವೆ. ಮನೆಯ ಮುಂದೆ ನಿಂತವರಿಗೆ ಅಷ್ಟು ಗಾಳಿ ಅನುಭವಕ್ಕೆ ಬರುವುದಿಲ್ಲ, ನೆಲ, ಗಿಡ, ಗೋಡೆ ಎಲ್ಲವೂ ಅದನ್ನು ತಡೆಯುತ್ತವೆ. ಉಪಕರಣ ಇಲ್ಲದಿದ್ದರೆ 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ರೂಪಿಸಿದ ಅಳತೆಗೋಲು ಇದೆ. ಅದು ಹುಟ್ಟಿದ್ದು ಹಾಯಿಹಡಗುಗಳಿಗಾಗಿ, ಆಮೇಲೆ ನೆಲದ ಮೇಲಿನ ಗುರುತುಗಳನ್ನೂ ಸೇರಿಸಿದರು. ಕನ್ನಡ ಪದಗಳನ್ನು ಅದಕ್ಕೆ ಹೀಗೆ ಹೊಂದಿಸಬಹುದು.

ಗಂಟೆಗೆ 6ರಿಂದ 11 ಕಿಮೀ: ಮುಖಕ್ಕೆ ತಾಕುತ್ತದೆ, ಎಲೆ ಸರಸರ ಎನ್ನುತ್ತದೆ. ಇದೇ ತಂಗಾಳಿ ಎನ್ನಲು ಸರಿಯಾದ ಜಾಗ. 12ರಿಂದ 19: ಎಲೆಗಳೂ ಸಣ್ಣ ರೆಂಬೆಗಳೂ ಬಿಡುವಿಲ್ಲದೆ ಅಲುಗುತ್ತವೆ. 20ರಿಂದ 28: ದೂಳು ಏಳುತ್ತದೆ, ಬಿಡಿ ಕಾಗದ ಹಾರುತ್ತದೆ. 39ರಿಂದ 49: ದೊಡ್ಡ ಕೊಂಬೆಗಳು ಆಡುತ್ತವೆ, ಕೊಡೆ ಹಿಡಿಯುವುದು ಕಷ್ಟ. 62ರಿಂದ 74: ರೆಂಬೆಗಳು ಮುರಿಯುತ್ತವೆ. 75ರಿಂದ 88: ಹೆಂಚು ಹಾರಲು ಶುರು. 89ರಿಂದ ಮೇಲಕ್ಕೆ ಮರಗಳೇ ಬುಡಮೇಲು.

‘ಬಿರುಗಾಳಿ’ ಎಂಬ ಪದವನ್ನು 62ಕ್ಕಿಂತ ಕೆಳಗೆ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪತ್ರಿಕೆಗಳಲ್ಲಿ 40 ಕಿಮೀ ವೇಗದ ಗಾಳಿಗೂ ಬಿರುಗಾಳಿ ಎಂದೇ ಬರುತ್ತದೆ. ಇದರಿಂದ ಆಗುವ ತೊಂದರೆ ದೊಡ್ಡದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40 ಕಿಮೀ ವೇಗದಲ್ಲಿ ಅಡ್ಡ ನಿಂತ ಒಂದು ಚದರ ಮೀಟರ್ ಹಲಗೆಯ ಮೇಲೆ ಸುಮಾರು 7.5 ಕೆಜಿ ತೂಕದಷ್ಟು ಒತ್ತಡ ಬಿದ್ದರೆ, 80 ಕಿಮೀ ವೇಗದಲ್ಲಿ ಸುಮಾರು 30 ಕೆಜಿ. ವೇಗ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು. ಎರಡಕ್ಕೂ ಒಂದೇ ಪದ ಬಳಸಿದರೆ ಓದುಗ ಮೊದಲನೆಯದನ್ನು ನೋಡಿ ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳುತ್ತಾನೆ. 40–50ಕ್ಕೆ ‘ರಭಸದ ಗಾಳಿ’ ಎಂದರೆ ಸಾಕು.

ಚಂಡಮಾರುತಕ್ಕೆ ಮಾತ್ರ ಗಡಿ ಸ್ಪಷ್ಟವಿದೆ. ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಸಮುದ್ರದ ಮೇಲೆ ಸುತ್ತುವ ಗಾಳಿಯ ವೇಗ 31ರಿಂದ 49 ಕಿಮೀ ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ. 31ಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ ಒತ್ತಡದ ಪ್ರದೇಶ. ಇದಕ್ಕೂ ‘ವಾಯುಭಾರ ಕುಸಿತ’ ಎಂದೇ ಬರೆಯುವುದು ತಪ್ಪು, ಎರಡು ಬೇರೆ ಮಟ್ಟದ ಎಚ್ಚರಿಕೆಗಳು ಒಂದಾಗಿಬಿಡುತ್ತವೆ.

ತಿದ್ದುಪಡಿ

‘ಬಿರುಗಾಳಿ’ಯ ಬಗ್ಗೆ ಮಾಪಕ ಅವರ ಮಾತಿಗೆ ಪೂರ್ತಿ ಒಪ್ಪಿಗೆ ಇಲ್ಲ. ‘ಬಿರು’ ಎಂದರೆ ಬಿರುಸಾದ, ಒರಟಾದ. ಬಿರುನುಡಿ, ಬಿರುಬಿಸಿಲು ಎನ್ನುವ ಹಾಗೆ. ಅದು ಅನುಭವದ ಪದ, ಅಳತೆಯ ಪದ ಅಲ್ಲ. ಮಾತನಾಡುವ ಜನ ಮೈಗೆ ಬಡಿದದ್ದನ್ನು ಬಿರುಗಾಳಿ ಎನ್ನುತ್ತಾರೆ, ಅದನ್ನು ನಿಘಂಟು ತಡೆಯಲಾಗದು. ‘ಎಚ್ಚರಿಕೆ ಸಂದೇಶಗಳಲ್ಲಿ ವೇಗವನ್ನು ಅಂಕಿಯಲ್ಲೇ ಕೊಡಿ’ ಎಂಬ ಟಿಪ್ಪಣಿ ಹಾಕಿದರೆ ಸಾಕು.

ಕಾಗುಣಿತದ ಒಂದು ತಪ್ಪು ಈಗ ಎಲ್ಲೆಡೆ ಕಾಣುತ್ತಿದೆ, ನಮೂದಿನಲ್ಲಿ ಹೇಳಲೇಬೇಕು. ಗಾಳಿ ಬೇರೆ, ಗಾಲಿ ಬೇರೆ. ಗಾಲಿ ಎಂದರೆ ಚಕ್ರ, ಗಾಲಿಕುರ್ಚಿಯಲ್ಲಿ ಇರುವುದು ಅದು. ‘ಗಾಲಿಗೆ ಗಾಳಿ ತುಂಬಿಸು’ ಎಂಬ ಒಂದೇ ಉದಾಹರಣೆಯಿಂದ ಮಕ್ಕಳಿಗೆ ವ್ಯತ್ಯಾಸ ನೆನಪಿನಲ್ಲಿ ನಿಲ್ಲುತ್ತದೆ. ತೆಲುಗಿನಲ್ಲಿ ಲಕಾರ ಇರುವುದರಿಂದ ಗಡಿಭಾಗದ ಬರವಣಿಗೆಯಲ್ಲಿ ಇದು ಇನ್ನೂ ಹೆಚ್ಚು ಕಲಸಿಹೋಗುತ್ತದೆ.

ಕಣದಂಚು

‘ಗಾಳಿಗೆ ತೂರು’ ಮತ್ತು ‘ಗಾಳಿ ಬಂದಾಗ ತೂರಿಕೋ’ ಎರಡರ ಬೇರೂ ಕಣದಲ್ಲಿ, ಕಾಳು ತೂರುವ ಕೆಲಸದಲ್ಲಿದೆ. ಆ ಕೆಲಸ ಕಣ್ಣಿಗೆ ಕಟ್ಟದಿದ್ದರೆ ಎರಡೂ ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ತೆನೆ ಬಡಿದೋ ತುಳಿಸಿಯೋ ಆದ ಮೇಲೆ ಕಣದಲ್ಲಿ ಉಳಿಯುವುದು ಮೂರರ ಮಿಶ್ರಣ: ಕಾಳು, ಜೊಳ್ಳು, ಹೊಟ್ಟು. ಜೊಳ್ಳು ಎಂದರೆ ಕಾಳಿನ ಆಕಾರವಿದ್ದು ಒಳಗೆ ತಿರುಳು ಕಟ್ಟದ್ದು. ಇದನ್ನು ಮೊರದಲ್ಲಿ ತುಂಬಿ, ಎತ್ತರದ ಮೇಲೆ ನಿಂತು, ಮೊರವನ್ನು ಭುಜದ ಮಟ್ಟಕ್ಕೆ ಎತ್ತಿ, ಅಂಚನ್ನು ಓರೆ ಮಾಡಿ, ಅಲುಗಿಸುತ್ತ ತೆಳ್ಳಗೆ ಸುರಿಯುತ್ತಾರೆ. ಗಾಳಿ ಅಡ್ಡ ಹಾಯಬೇಕು. ಎದುರಿನಿಂದ ಬಂದರೆ ಹೊಟ್ಟು ತೂರುವವರ ಕಣ್ಣಿಗೇ ಬೀಳುತ್ತದೆ.

ಗಂಟೆಗೆ ಸುಮಾರು 11 ಕಿಮೀ ಗಾಳಿ, ಒಂದೂವರೆ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ತುಂಬಿದ ಕಾಳು ಅರ್ಧ ಸೆಕೆಂಡಿನಲ್ಲಿ ನೆಲ ಸೇರುತ್ತದೆ, ಅಷ್ಟರಲ್ಲಿ ಒಂದು ಅಡಿಯಷ್ಟು ಸರಿದರೆ ಹೆಚ್ಚು. ಹೊಟ್ಟು ಬೀಳಲು ಅದರ ಎರಡರಷ್ಟು ಹೊತ್ತು ಬೇಕು, ಜೊತೆಗೆ ಗಾಳಿಯ ವೇಗದಲ್ಲೇ ಸಾಗುವುದರಿಂದ ಎರಡು ಮೂರು ಮೀಟರ್ ಆಚೆ ಹೋಗಿ ಬೀಳುತ್ತದೆ. ಜೊಳ್ಳು ನಡುವೆ. ಹೀಗಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕಾಳಿನ ರಾಶಿಯ ಅಂಚನ್ನು ಗುಡಿಸಿ ಎರಡನೇ ಸಲ ತೂರಬೇಕಾಗುತ್ತದೆ.

ಕೆಡುವುದು ಎಲ್ಲಿ? ದಪ್ಪ ಧಾರೆಯಾಗಿ ಸುರಿದರೆ ಹೊರಗಿನ ಕಾಳು ಒಳಗಿನ ಹೊಟ್ಟಿಗೆ ಮರೆಯಾಗಿ, ಹೊಟ್ಟು ಕಾಳಿನ ಜೊತೆಗೇ ಇಳಿಯುತ್ತದೆ. ಇಬ್ಬನಿಯ ತೇವ ಆರದೆ ತೂರಿದರೆ ಹೊಟ್ಟು ಕಾಳಿಗೆ ಅಂಟಿಕೊಳ್ಳುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಬೇರೆಯಾದ ಹೊಟ್ಟು ತಿರುಗಿ ರಾಶಿಗೇ ಬಂದು ಬೀಳುತ್ತದೆ. 30 ಕಿಮೀ ವೇಗದ ಗಾಳಿಯಲ್ಲಿ ಕಾಳೇ ಒಂದೆರಡು ಮೀಟರ್ ದೂರ ಹೋಗಿ ಹೊಟ್ಟಿನಲ್ಲಿ ಬೆರೆಯುತ್ತದೆ. ಗಾಳಿ ನಿಂತರೆ ಕೆಲಸವೂ ನಿಂತಿತು. ಮೊರದಲ್ಲೇ ಎಗರಿಸುವ ‘ಕೇರು’ ಎಂಬ ಕೆಲಸ ಬೇರೆ. ಅದಕ್ಕೆ ಗಾಳಿ ಬೇಡ, ಮೊರದ ಬೀಸೇ ಗಾಳಿ ಎಬ್ಬಿಸುತ್ತದೆ. ಆದರೆ ಅದು ಅಡುಗೆಮನೆಯ ಪ್ರಮಾಣದ ಕೆಲಸ, ರಾಶಿಗೆ ಆಗುವುದಿಲ್ಲ.

ಈಗ ಗಾದೆಗೆ ಬನ್ನಿ. ‘ಗಾಳಿ ಬಂದಾಗ ತೂರಿಕೋ’ ಎಂದರೆ ಗಾಳಿ ನಮ್ಮ ಕೈಯಲ್ಲಿಲ್ಲ, ಅದು ಬರುವ ಹೊತ್ತಿಗೆ ಕಣ ಗುಡಿಸಿ, ತೆನೆ ಬಡಿದು, ಒಣಗಿಸಿ ಸಿದ್ಧವಿರು ಎಂದು. ಸಿದ್ಧತೆ ಇಲ್ಲದವನಿಗೆ ಗಾಳಿ ಬಂದೂ ಪ್ರಯೋಜನವಿಲ್ಲ. ಇಂದು ಇದನ್ನು ಅವಕಾಶವಾದಿಗಳ ಬಗ್ಗೆ ಹಳಿಯುವ ಧಾಟಿಯಲ್ಲೇ ಹೆಚ್ಚು ಬಳಸುತ್ತಾರೆ. ಆ ಬಳಕೆಯನ್ನೂ ದಾಖಲಿಸಿ, ಆದರೆ ಎರಡನೆಯದಾಗಿ.

ಹೊಸನುಡಿ

ಕಣದಂಚು ಅವರೇ, ಒಂದು ಸಂದೇಹ. ‘ತೂರಿಕೋ’ ಎಂದರೆ ‘ನುಸುಳಿಕೋ’ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ‘ಸಂದಿಯಲ್ಲಿ ತೂರಿಕೊಂಡ’ ಎನ್ನುತ್ತೇವಲ್ಲ. ಅವಕಾಶವಾದದ ಅರ್ಥ ಬಂದದ್ದು ಅಲ್ಲಿಂದಲೇ ಇರಬಹುದೇ?

ಕಣದಂಚು

ಅದು ಆ ಅರ್ಥಕ್ಕೆ ಬಲ ಕೊಟ್ಟಿರುವುದು ನಿಜ. ಕಣವನ್ನೇ ಕಾಣದ ಕಿವಿಗೆ ‘ತೂರಿಕೋ’ ಎಂದರೆ ಸಂದಿಯಲ್ಲಿ ನುಗ್ಗುವುದೇ ಮೊದಲು ಹೊಳೆಯುತ್ತದೆ. ಆದ್ದರಿಂದ ‘ತೂರು’ ಪದಕ್ಕೆ ಅಡ್ಡ ಉಲ್ಲೇಖ ಕೊಡುವುದು ಒಳ್ಳೆಯದು. ಕಾಳು ತೂರು, ಕಲ್ಲು ತೂರು (ಇದರಿಂದಲೇ ಕಲ್ಲು ತೂರಾಟ), ಸಂದಿಯಲ್ಲಿ ತೂರು, ಕಾಲು ನಿಲ್ಲದೆ ತೂರಾಡು: ಇಷ್ಟೂ ಬೇರೆ ಬೇರೆ ಬಳಕೆ. ಗಾದೆಯಲ್ಲಿರುವುದು ಮೊದಲನೆಯದು. ‘ಕೊಳ್ಳು’ ಸೇರಿರುವುದು ‘ನಿನಗಾಗಿ ತೂರು, ನಿನ್ನ ರಾಶಿಯನ್ನು ಹಸನು ಮಾಡಿಕೋ’ ಎಂಬ ಅರ್ಥಕ್ಕೆ.

‘ಗಾಳಿಗೆ ತೂರು’ ನುಡಿಗಟ್ಟು ಇದಕ್ಕೆ ತಿರುಗಮುರುಗ. ಕಣದಲ್ಲಿ ತೂರುವವರು ಕಾಳನ್ನು ಉಳಿಸಿಕೊಳ್ಳಲು ತೂರುತ್ತಾರೆ. ‘ಕಾನೂನನ್ನು ಗಾಳಿಗೆ ತೂರಿದರು’ ಎಂದಾಗ ಕೆಳಗೆ ಏನೂ ಉಳಿಯುವುದಿಲ್ಲ. ಕಾನೂನನ್ನು ಹೊಟ್ಟಿನಂತೆ ಕಂಡರು ಎಂಬುದೇ ಅದರ ತಿರುಳು.

ಈ ನುಡಿಗಟ್ಟು ಎಲ್ಲ ಕರ್ಮಪದಗಳನ್ನೂ ಸೇರಿಸಿಕೊಳ್ಳುವುದಿಲ್ಲ. ನಿಯಮ, ಆದೇಶ, ಎಚ್ಚರಿಕೆ, ಸಂಯಮ, ಮಾನಮರ್ಯಾದೆ, ಕೊಟ್ಟ ಮಾತು, ಹೀಗೆ ನಾವು ಬಿಗಿಯಾಗಿ ಹಿಡಿದುಕೊಂಡಿರಬೇಕಾದದ್ದು ಮಾತ್ರ ಗಾಳಿಗೆ ತೂರುವಂಥದ್ದು. ಹಣವನ್ನು ‘ನೀರಿನಂತೆ’ ಖರ್ಚು ಮಾಡುತ್ತೇವೆ, ಗಾಳಿಗೆ ತೂರುವುದಿಲ್ಲ. ಮನುಷ್ಯರನ್ನು ‘ಕೈಬಿಡುತ್ತೇವೆ’. ಅನುವಾದದಲ್ಲಿ ‘ಗೆಳೆಯರನ್ನು ಗಾಳಿಗೆ ತೂರಿದ’ ಎಂದು ಬಂದರೆ ಅದು ಕನ್ನಡ ಅಲ್ಲ. ಇನ್ನು ‘ಗಾಳಿಗೆ ತೋರಿ’ ಎಂಬುದು ಶುದ್ಧ ಬೆರಳಚ್ಚಿನ ತಪ್ಪು, ಆದರೂ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಿಡಿ

‘ಗಾಳಿ ಹಾಕು’ ಬಗ್ಗೆ. ಇದಕ್ಕೆ ಮೂರು ಬಳಕೆ. ಬೀಸಣಿಗೆಯಿಂದ ಗಾಳಿ ಹಾಕು. ಚಕ್ರಕ್ಕೆ ಗಾಳಿ ಹಾಕು. ಜಗಳಕ್ಕೆ, ಅಸಮಾಧಾನಕ್ಕೆ ಗಾಳಿ ಹಾಕು. ಮೂರನೆಯದು ಬಂದದ್ದು ಬೆಂಕಿಯಿಂದ, ಚಕ್ರದಿಂದ ಅಲ್ಲ.

ಇದರ ಅರ್ಥಕ್ಕೆ ಒಂದು ಮಿತಿ ಇದೆ: ಕಿಡಿ ಮೊದಲೇ ಇರಬೇಕು. ಇಲ್ಲದ ಜಗಳವನ್ನು ಹುಟ್ಟಿಸಿದವನು ‘ತಂದಿಟ್ಟ’, ‘ಹಚ್ಚಿದ’. ಇದ್ದದ್ದನ್ನು ಬೆಳೆಸಿದವನು ‘ಗಾಳಿ ಹಾಕಿದ’. ‘ಉರಿಯುವ ಬೆಂಕಿಗೆ ತುಪ್ಪ ಸುರಿ’ ಎಂಬುದಕ್ಕೂ ಇದಕ್ಕೂ ಅಂತರವಿದೆ. ತುಪ್ಪ ಸುರಿದದ್ದು ಎಲ್ಲರಿಗೂ ಕಾಣುತ್ತದೆ, ಬೆಂಕಿ ಒಮ್ಮೆಲೇ ಭುಗಿಲೇಳುತ್ತದೆ. ಗಾಳಿ ಹಾಕುವುದು ನಿಧಾನದ, ಕಣ್ಣಿಗೆ ಕಾಣದ ಕೆಲಸ. ಆಪಾದನೆ ಮಾಡುವ ವಾಕ್ಯಗಳಲ್ಲಿ ಈ ಅಂತರ ತಪ್ಪಿದರೆ ಅರ್ಥವೇ ಬದಲಾಗುತ್ತದೆ.

ಇದಕ್ಕೆ ಎದುರಾದ ರೂಪಕವೂ ನಮ್ಮಲ್ಲೇ ಇದೆ. 12ನೇ ಶತಮಾನದ ವಚನಗಳಲ್ಲಿ ಸಂಸಾರವನ್ನು ‘ಗಾಳಿಯ ಸೊಡರು’ ಎಂದು ಕರೆದಿದ್ದಾರೆ. ಸೊಡರು ಎಂದರೆ ದೀಪ. ಒಂದೇ ಗಾಳಿ ದೀಪವನ್ನು ಆರಿಸುತ್ತದೆ, ಕೆಂಡವನ್ನು ಉರಿಸುತ್ತದೆ. ಕಾರಣ ಇಷ್ಟು: ದೀಪದಲ್ಲಿ ಉರಿಯುವುದು ಬತ್ತಿಯಿಂದ ಏಳುವ ಎಣ್ಣೆಯ ಆವಿ. ಗಾಳಿ ಆ ಬಿಸಿ ಆವಿಯನ್ನು ಬತ್ತಿಯಿಂದ ಆಚೆಗೆ ತಳ್ಳಿಬಿಡುತ್ತದೆ, ಉರಿಯಲು ಬೇಕಾದ ಶಾಖ ಉಳಿಯುವುದಿಲ್ಲ. ಕೆಂಡದಲ್ಲಿ ಶಾಖ ಇದ್ದಿಲಿನ ಒಡಲೊಳಗೇ ಇರುತ್ತದೆ, ಗಾಳಿ ಅದನ್ನು ಸುಲಭವಾಗಿ ಒಯ್ಯಲಾರದು, ಬದಲಿಗೆ ಆಮ್ಲಜನಕ ಒದಗಿಸುತ್ತದೆ. ಕುಲುಮೆಯ ತಿದಿ ಮಾಡುವುದೂ ಇದನ್ನೇ. ಹೀಗಾಗಿ ‘ಗಾಳಿ’ ಒಳ್ಳೆಯದೋ ಕೆಟ್ಟದೋ ಎಂದು ನಮೂದಿನಲ್ಲಿ ಒಂದೇ ಗುರುತು ಹಾಕಲಾಗದು. ಗಾಳಿಗೆ ಸಿಕ್ಕದ್ದು ದೀಪವೋ ಕೆಂಡವೋ ಎಂದು ನೋಡಬೇಕು.

ತಿದ್ದುಪಡಿ

ಗಾಳಿಸುದ್ದಿ, ಗಾಳಿಮಾತು, ವದಂತಿ, ಸುಳ್ಳುಸುದ್ದಿ. ಸುದ್ದಿಮನೆಗಳಲ್ಲಿ ಇವನ್ನು ಒಂದರ ಬದಲು ಇನ್ನೊಂದು ಬಳಸುತ್ತಾರೆ. ಬಳಸಬಾರದು.

ಗಾಳಿಸುದ್ದಿಗೆ ಮೂಲ ಗೊತ್ತಿರುವುದಿಲ್ಲ, ಅಷ್ಟೇ. ಅದು ನಾಳೆ ನಿಜವೂ ಆಗಬಹುದು. ವದಂತಿ ಸಂಸ್ಕೃತದಿಂದ ಬಂದದ್ದು, ‘ಹೇಳುತ್ತಾರೆ’ ಎಂಬ ಕ್ರಿಯಾರೂಪದಿಂದ. ಅರ್ಥ ಹೆಚ್ಚುಕಡಿಮೆ ಗಾಳಿಸುದ್ದಿಯದೇ. ಸುಳ್ಳುಸುದ್ದಿ ಎಂದರೆ ಸುಳ್ಳೆಂದು ಖಚಿತವಾದದ್ದು. ‘ಗಾಳಿಸುದ್ದಿ ನಂಬಬೇಡಿ’ ಎಂಬ ಪ್ರಕಟಣೆಗೂ ‘ಅದು ಸುಳ್ಳುಸುದ್ದಿ’ ಎಂಬ ಪ್ರಕಟಣೆಗೂ ಹೊಣೆ ಬೇರೆ. ಗಾಳಿಮಾತು ಸುದ್ದಿಯೇ ಆಗಬೇಕಿಲ್ಲ. ಆಧಾರವಿಲ್ಲದ, ಹೇಳಿದವನೇ ಹೊಣೆ ಹೊರದ ಮಾತು ಯಾವುದೂ ಗಾಳಿಮಾತು, ಪೊಳ್ಳು ಭರವಸೆಯೂ ಸೇರಿ.

ಕ್ರಿಯಾಪದ: ಗಾಳಿಸುದ್ದಿ ‘ಹಬ್ಬುತ್ತದೆ’, ಜನ ಅದನ್ನು ‘ಹಬ್ಬಿಸುತ್ತಾರೆ’. ಗಾಳಿಸುದ್ದಿ ‘ಬೀಸಿತು’ ಎಂದು ಯಾರೂ ಹೇಳುವುದಿಲ್ಲ. ರೂಪಕದ ಒಳಗೆ ಗಾಳಿ ಇದ್ದರೂ ಕ್ರಿಯಾಪದ ಬಳ್ಳಿಯದು.

ಎಲರು

ಗಾಳಿಗೋಪುರವನ್ನೂ ಇಲ್ಲೇ ಸೇರಿಸುತ್ತೇನೆ. ಕನ್ನಡದಲ್ಲಿ ಅದು ಬುನಾದಿಯಿಲ್ಲದ ಕನಸು, ‘ಕಟ್ಟು’ ಎಂಬ ಕ್ರಿಯಾಪದದೊಂದಿಗೇ ಬರುತ್ತದೆ. ತೆಲುಗಿನಲ್ಲಿ ‘ಗಾಲಿಗೋಪುರಂ’ ಎಂದರೆ ಕಲ್ಲು ಗಾರೆಯ ನಿಜವಾದ ಕಟ್ಟಡ, ದೇವಾಲಯದ ಬಾಗಿಲ ಮೇಲಿನ ಎತ್ತರದ ಗೋಪುರ. ತಿರುಮಲೆಯ ಮೆಟ್ಟಿಲ ದಾರಿಯಲ್ಲಿ ಆ ಹೆಸರಿನದೇ ಒಂದಿದೆ. ತೆಲುಗಿನಿಂದ ಅನುವಾದಿಸುವವರು ಇದನ್ನು ಕನಸಿನ ಗೋಪುರ ಮಾಡಿಬಿಟ್ಟರೆ ದೇವಸ್ಥಾನವೇ ಮಾಯವಾಗುತ್ತದೆ.

ಈಗ ‘ಸೋಕು’. ಕರಡಿನ ನಾಲ್ಕನೇ ಅರ್ಥ ‘ದೆವ್ವ’ ಎಂದಿದೆ, ಅದು ಬಹಳ ಒರಟಾಯಿತು. ಹತ್ತನೇ ಶತಮಾನದಲ್ಲಿ ಪಂಪ ಬನವಾಸಿಯನ್ನು ನೆನೆಯುವಾಗ ‘ತೆಂಕಣ ಗಾಳಿ ಸೋಂಕಿದೊಡಂ’ ಎನ್ನುತ್ತಾನೆ. ಅಲ್ಲಿ ಸೋಂಕು ಎಂದರೆ ಬರಿಯ ತಾಕುವಿಕೆ, ಮೈಮನಕ್ಕೆ ಹಿತವಾದದ್ದು. ಅದೇ ಎರಡು ಪದಗಳು ಸೇರಿ ‘ಗಾಳಿ ಸೋಕಿದೆ’ ಎಂದರೆ ಇಂದು ಅಶರೀರವಾದದ್ದೇನೋ ಮೈಮೇಲೆ ಬಂದಿದೆ ಎಂದು. ‘ಸೋಂಕು’ ಒಂದೇ ನಿಂತರೆ ರೋಗ ತಗುಲುವಿಕೆ.

‘ಗಾಳಿ ಹಿಡಿದಿದೆ’, ‘ಗಾಳಿ ಮೆಟ್ಟಿಕೊಂಡಿದೆ’, ‘ಗಾಳಿ ಬಿಡಿಸು’ ಎಂಬಲ್ಲೆಲ್ಲ ಗಾಳಿ ಎಂದರೆ ಹೆಸರು ಹೇಳಲು ಅಂಜುವ ಶಕ್ತಿ. ನೇರವಾಗಿ ದೆವ್ವ ಎನ್ನದೆ ಗಾಳಿ ಎನ್ನುವುದರಲ್ಲೇ ಆ ಅಂಜಿಕೆ ಇದೆ. ಆದ್ದರಿಂದ ‘ದೆವ್ವ’ ಎಂಬ ಸಮಾನಪದ ಬೇಡ. ‘ಮೈಮೇಲೆ ಬರುವುದೆಂದು ನಂಬಲಾದ ಅದೃಶ್ಯ ಶಕ್ತಿ, ಹೆಸರಿಸದೆ ಸೂಚಿಸುವ ಬಳಕೆ’ ಎಂದು ವಿವರಿಸಿ.

ಆರೈಕೆ

ಆಸ್ಪತ್ರೆಗಳಲ್ಲಿ ದುಭಾಷಿ ಕೆಲಸ ಮಾಡುವವರಿಗೆ ಇದು ಬಹಳ ಮುಖ್ಯ. ‘ಮಗುವಿಗೆ ಗಾಳಿ ಸೋಕಿದೆ’ ಎಂದು ಮನೆಯವರು ಹೇಳಿದರೆ ಮೂರು ಸಾಧ್ಯತೆ: ತಣ್ಣನೆ ಗಾಳಿಗೆ ಒಡ್ಡಿಕೊಂಡು ನೆಗಡಿಯಾಗಿದೆ, ಕಾರಣ ತಿಳಿಯದೆ ಮಗು ಹೆದರಿ ಅಳುತ್ತಿದೆ, ಸೆಟೆದುಕೊಂಡು ಪ್ರಜ್ಞೆ ತಪ್ಪಿದೆ. ಮೂರನೆಯದಾದರೆ ಅದು ಸೆಳವು ಇರಬಹುದು, ಒಂದು ಕ್ಷಣವೂ ತಡ ಮಾಡುವಂತಿಲ್ಲ. ಪದವನ್ನು ಅನುವಾದಿಸುವ ಬದಲು ‘ಏನಾಯಿತು, ಎಷ್ಟು ಹೊತ್ತು, ಕೈಕಾಲು ಹೇಗಿತ್ತು’ ಎಂದು ಕೇಳಿ, ಸಿಕ್ಕ ಉತ್ತರವನ್ನು ಅನುವಾದಿಸಬೇಕು.

‘ವಾಯು’ ಮತ್ತು ‘ವಾತ’ ಕೂಡ ಹೀಗೆಯೇ. ‘ವಾಯು ತುಂಬಿದೆ’ ಎಂದರೆ ಹೊಟ್ಟೆಯುಬ್ಬರ. ‘ವಾತ’ ಎಂದರೆ ಆಡುಮಾತಿನಲ್ಲಿ ಕೀಲುನೋವು, ಆಯುರ್ವೇದದಲ್ಲಿ ಮೂರು ದೋಷಗಳಲ್ಲಿ ಒಂದು. ಮೂಲದಲ್ಲಿ ಎರಡೂ ಗಾಳಿಯೇ. ಆದರೆ ಹೊಟ್ಟೆ ಉಬ್ಬರಿಸಿದ್ದಕ್ಕೆ ‘ವಾತ ತುಂಬಿದೆ’ ಎಂದು ಬರೆದರೆ ವೈದ್ಯರ ಗಮನ ಕೀಲಿನ ಕಡೆ ಹೋಗುತ್ತದೆ.

ಹೊಸನುಡಿ

‘ಹವಾ’ವನ್ನು ಬಿಡಬೇಡಿ. ಅರಬ್ಬಿ ಮೂಲದ್ದು, ಪಾರಸಿ ಉರ್ದು ದಾರಿಯಲ್ಲಿ ಬಂದದ್ದು. ಹವೆ, ಹವಾಮಾನ, ಹವಾಗುಣ ಎಲ್ಲ ಗಂಭೀರ ಪದಗಳು. ‘ಅವನದೇ ಹವಾ’ ಎಂದಾಗ ಮಾತ್ರ ದರ್ಬಾರು, ಜನರಲ್ಲಿ ಎದ್ದ ಅಲೆ. ಇಲ್ಲಿ ‘ಅವನದೇ ಗಾಳಿ’ ಎಂದರೆ ಏನೂ ಆಗದು. ಹಾಗೆಯೇ ‘ಗಾಳಿ ಯಾವ ಕಡೆ ಬೀಸುತ್ತಿದೆ ನೋಡು’ ಎಂಬಲ್ಲಿ ‘ಹವಾ’ ಕೂರದು.

‘ಅನಿಲ’ವೂ ಹಳೆಯ ಅರ್ಥ ಬಿಟ್ಟಿದೆ. ಕಾವ್ಯದಲ್ಲಿ ಮಂದಾನಿಲ ಎಂದರೆ ಮೆಲುಗಾಳಿ, ದಿನಬಳಕೆಯಲ್ಲಿ ಅನಿಲ ಎಂದರೆ ಸಿಲಿಂಡರಿನದು.

ಮಾಪಕ

ದಿಕ್ಕಿನ ವಿಷಯ ಉಳಿಯಿತು. ಗಾಳಿಗೆ ಹೆಸರು ಬರುವುದು ಅದು ಹೊರಟ ದಿಕ್ಕಿನಿಂದ. ಮೂಡಗಾಳಿ ಎಂದರೆ ಪೂರ್ವದಿಂದ ಬರುವುದು, ಪಡುಗಾಳಿ ಎಂದರೆ ಪಶ್ಚಿಮದಿಂದ. ನೈಋತ್ಯ ಮುಂಗಾರು ನೈಋತ್ಯದಿಂದ ಬರುತ್ತದೆ. ಸಮುದ್ರದ ಪ್ರವಾಹಕ್ಕೆ ಇದು ತಿರುಗುಮುರುಗು, ಅದನ್ನು ಹೋಗುವ ದಿಕ್ಕಿನಿಂದ ಹೇಳುತ್ತಾರೆ. ಒಂದೇ ವರದಿಯಲ್ಲಿ ಎರಡೂ ಇದ್ದಾಗ ಅನುವಾದ ಎಡವುವುದು ಇಲ್ಲಿಯೇ. ‘ಪಶ್ಚಿಮ ಗಾಳಿ’ ಎಂದು ಬಿಡದೆ ವಿಭಕ್ತಿ ಸೇರಿಸಿ: ‘ಪಶ್ಚಿಮದಿಂದ ಬೀಸುವ ಗಾಳಿ’, ‘ಪೂರ್ವಕ್ಕೆ ಹರಿಯುವ ಪ್ರವಾಹ’. ಛಾವಣಿ ಮೇಲಿನ ಬಾಣದ ಮೊನೆ ಗಾಳಿ ಬರುವ ಕಡೆ ತೋರಿಸುತ್ತದೆ. ವಿಮಾನ ನಿಲ್ದಾಣದ ಬಟ್ಟೆಚೀಲದ ಬಾಲ ಗಾಳಿ ಹೋಗುವ ಕಡೆ.

‘ಗಾಳಿ ಬೀಸುವ ದಿಕ್ಕು ನೋಡಿ ಪಕ್ಷ ಬದಲಿಸಿದ’ ಎಂಬ ನುಡಿಗಟ್ಟಿನಲ್ಲಿ ಮಾತ್ರ ಲೆಕ್ಕ ಹೋಗುವ ಕಡೆಯದು. ಗಾಳಿಯ ಜೊತೆ ಸಾಗುವವನ ಬಗ್ಗೆ ಅದು. ನೇರ ಅರ್ಥದಲ್ಲಿ ‘ಎಲ್ಲಿಂದ’, ನುಡಿಗಟ್ಟಿನಲ್ಲಿ ‘ಎಲ್ಲಿಗೆ’. ಇದನ್ನು ನಮೂದಿನಲ್ಲಿ ಒಂದು ಸಾಲಾದರೂ ಹೇಳಬೇಕು.

ಸುಂಟರಗಾಳಿಗೂ ಒಂದು ಸಾಲು. ಬಿಸಿಲಿಗೆ ಕಾದ ಬಯಲಿನಲ್ಲಿ ನೆಲದಿಂದ ದೂಳೆಬ್ಬಿಸಿ ಸುತ್ತುವುದು ಒಂದು, ಅದಕ್ಕೆ ಮೋಡ ಬೇಡ. ಗುಡುಗುಮೋಡದ ಬುಡದಿಂದ ನೆಲಕ್ಕಿಳಿದು ಮನೆ ಕೀಳುವುದು ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ಸುಂಟರಗಾಳಿ ಎಂದೇ ಹೇಳುತ್ತಾರೆ. ಮೊದಲನೆಯದಕ್ಕೆ ‘ದೂಳಿನ ಸುಳಿಗಾಳಿ’ ಎಂದರೆ ಗೊಂದಲ ಇರದು.

ಪದಕೋಶ

ಎಲ್ಲರ ಮಾತು ಸೇರಿಸಿ ಹೊಸ ಕರಡು:

“ಗಾಳಿ (ನಾ). ಅ) ಭೂಮಿಯನ್ನು ಆವರಿಸಿದ, ಉಸಿರಾಡುವ ವಸ್ತು, ತುಂಬು, ಇಳಿ, ಹೋಗು, ಆಡು ಎಂಬ ಕ್ರಿಯಾಪದಗಳೊಂದಿಗೆ. ಗಾಳಿಯಾಡದ: (ಡಬ್ಬಿಗೆ) ಭದ್ರವಾದ, (ಕೋಣೆಗೆ) ಉಸಿರುಕಟ್ಟುವ. ಆ) ಅದರ ಚಲನೆ, ಬೀಸು, ಏಳು, ತೀಡು, ಸುಳಿ. ದಿಕ್ಕನ್ನು ಬರುವ ಕಡೆಯಿಂದ ಹೇಳುವುದು. ಇ) ಗಾಳಿಗೆ ತೂರು: ಪಾಲಿಸಬೇಕಾದುದನ್ನು ಲೆಕ್ಕಿಸದಿರು. ಗಾಳಿ ಬಂದಾಗ ತೂರಿಕೋ: ಸಿದ್ಧನಿದ್ದು ಸಮಯಕ್ಕೆ ಕೆಲಸ ಮಾಡಿಕೋ, (ಹಳಿಯುವಾಗ) ಅವಕಾಶ ಬಳಸಿಕೋ. ಈ) ಗಾಳಿ ಹಾಕು: ಬೀಸು, ತುಂಬಿಸು, ಇರುವ ಜಗಳ, ಸಿಟ್ಟನ್ನು ಹೆಚ್ಚಿಸು. ಉ) ಗಾಳಿ ಸೋಕು, ಹಿಡಿ, ಮೆಟ್ಟು: ಅದೃಶ್ಯ ಶಕ್ತಿ ಮೈಮೇಲೆ ಬರು (ನಂಬಿಕೆ). ಊ) ಗಾಳಿ ತಗುಲು: ಒಂದು ಜಾಗದ, ಗುಂಪಿನ ಪ್ರಭಾವಕ್ಕೆ ಒಳಗಾಗು. ಎ) ಗಾಳಿ ಗುದ್ದು: ಫಲವಿಲ್ಲದೆ ಶ್ರಮಿಸು. ಸಮಾಸಗಳಲ್ಲಿ ಆಧಾರವಿಲ್ಲದ: ಗಾಳಿಸುದ್ದಿ, ಗಾಳಿಮಾತು, ಗಾಳಿಗೋಪುರ. ನೋಡಿ: ತೂರು, ಹವಾ, ಗಾಲಿ.”

ತಿದ್ದುಪಡಿ

ಚೆನ್ನಾಗಿದೆ. ಮೂರು ತಿದ್ದುಪಡಿ.

‘ಗಾಳಿ ಗುದ್ದು’ ಅಪೂರ್ಣ. ಗಾದೆ ‘ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡಂತೆ’ ಎಂದು. ಫಲ ಇಲ್ಲದಿರುವುದಷ್ಟೇ ಅಲ್ಲ, ನೋವು ತನಗೇ ಎಂಬುದು ಅದರ ಅರ್ಧ ಭಾಗ.

ಎಲ್ಲ ಸಮಾಸಗಳಲ್ಲೂ ‘ಆಧಾರವಿಲ್ಲದ’ ಎಂಬ ಅರ್ಥ ಇಲ್ಲ. ಗಾಳಿಪಟ, ಗಾಳಿಗುಳ್ಳೆಗಳಲ್ಲಿ ಅದು ನೇರ ಅರ್ಥದ ಗಾಳಿಯೇ. ಕರಾವಳಿಯಲ್ಲಿ ಗಾಳಿ ತಡೆಯಲು ನೆಡುವ ಸರ್ವೆ ಮರಕ್ಕೆ ‘ಗಾಳಿಮರ’ ಎಂಬ ಹೆಸರೂ ಇದೆ, ಅದೂ ಹಾಗೆಯೇ. ‘ಕೆಲವು ಸಮಾಸಗಳಲ್ಲಿ’ ಎಂದು ತಿದ್ದಿ.

‘ಗಾಳಿ ತಗುಲು’ ಎಂಬುದಕ್ಕೆ ಮುಂದೆ ಷಷ್ಠೀ ವಿಭಕ್ತಿ ಬೇಕು: ‘ಪಟ್ಟಣದ ಗಾಳಿ’, ‘ಆ ಗುಂಪಿನ ಗಾಳಿ’. ಅದಿಲ್ಲದೆ ಬರಿದೇ ‘ಗಾಳಿ ತಗುಲಿತು’ ಎಂದರೆ ಓದುಗ ಅದನ್ನು ‘ಉ’ ಅರ್ಥಕ್ಕೋ ನೆಗಡಿಗೋ ಒಯ್ಯುತ್ತಾನೆ.

ಪದಕೋಶ

ಮೂರನ್ನೂ ಸೇರಿಸಿದ್ದೇನೆ. ‘ಊ’ ಈಗ ಹೀಗಿದೆ: “(ಯಾವುದಾದರೊಂದು ಜಾಗದ, ಗುಂಪಿನ) ಗಾಳಿ ತಗುಲು.” ಮುಂದಿನ ಪದ ‘ಮಂಜು’. ಇಬ್ಬನಿ, ಹಿಮ, ಕಾವಳ ಎಲ್ಲವೂ ಅದರ ಜೊತೆ ಬರುತ್ತವೆ, ಅದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ.